ಭಾರೀ ಕಚ್ಚಾತೈಲಕ್ಕೆ ಮೂರು ವೇಗವರ್ಧಕಗಳು: ಅಗಲ ರಂಧ್ರದ ಪರವಾಗಿ ನನ್ನ ಮತ

ಭಾರೀ ಕಚ್ಚಾತೈಲದಿಂದ ಗಂಧಕ, ಸಾರಜನಕ, ಲೋಹಗಳನ್ನು ಜಲಜನಕದ ನೆರವಿನಿಂದ ತೆಗೆಯುವ ಹೈಡ್ರೋಟ್ರೀಟಿಂಗ್‌ಗೆ ಯಾವ ವೇಗವರ್ಧಕ ಕೊಳ್ಳಬೇಕೆಂದು ಕೇಳಿದವರಿಗೆ ನಾನು ಒಂದೇ ಉತ್ತರ ಕೊಡುತ್ತೇನೆ: ರಿಯಾಕ್ಟರಿನ ಮೇಲ್ಭಾಗಕ್ಕೆ ಲೋಹಗಳನ್ನು ಹಿಡಿದಿಟ್ಟುಕೊಳ್ಳುವ ಅಗಲ ರಂಧ್ರದ ವೇಗವರ್ಧಕ, ಅದರ ಕೆಳಗೆ ಕಿರಿದಾದ ರಂಧ್ರದ ನಿಕ್ಕಲ್–ಮಾಲಿಬ್ಡಿನಮ್. ನಮ್ಮ ಪ್ರಯೋಗಾಲಯದ ಪೈಲಟ್ ರಿಯಾಕ್ಟರಿನಲ್ಲಿ ಕಿರಿದಾದ ರಂಧ್ರದ ಕೋಬಾಲ್ಟ್–ಮಾಲಿಬ್ಡಿನಮ್ ಒಂದನ್ನೇ, ಅದೇ ಬಗೆಯ ನಿಕ್ಕಲ್–ಮಾಲಿಬ್ಡಿನಮ್ ಒಂದನ್ನೇ, ಕೊನೆಗೆ ಈ ಪದರಗಳ ಜೋಡಣೆಯನ್ನು ತುಂಬಿ ನೋಡಿದ ಮೇಲೆ ನಾನು ಈ ನಿಲುವಿಗೆ ಬಂದಿದ್ದೇನೆ.

ಮೂರಕ್ಕೂ ಕೊಟ್ಟದ್ದು ಮೆಕ್ಸಿಕೋದ ಮಾಯಾ ಕಚ್ಚಾತೈಲದ ಶೇಷ. ಮಾಯಾದ ಎಪಿಐ ಸಾಂದ್ರತೆ (ಅಂಕಿ ಕಡಿಮೆಯಾದಷ್ಟೂ ತೈಲ ಭಾರ) ಸುಮಾರು 22. ಗಂಧಕ ಶೇ 3ಕ್ಕಿಂತ ಹೆಚ್ಚು. ವೆನೇಡಿಯಮ್ 250 ಪಿಪಿಎಂ ಮೀರುತ್ತದೆ. ಹಗುರವಾದ ಅಂಶಗಳನ್ನು ಬಟ್ಟಿಯಿಳಿಸಿ ತೆಗೆದಾಗ ಲೋಹಗಳು ಬಹುಪಾಲು ಶೇಷದಲ್ಲೇ ಉಳಿಯುವುದರಿಂದ ಅಲ್ಲಿ ಅವುಗಳ ಪ್ರಮಾಣ ಇನ್ನೂ ಏರುತ್ತದೆ.

ಕೋಬಾಲ್ಟ್–ಮಾಲಿಬ್ಡಿನಮ್‌ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಇಂಗಾಲ–ಗಂಧಕ ಬಂಧವನ್ನು ನೇರವಾಗಿ ಮುರಿಯುವುದರಲ್ಲಿ ಅದು ನಿಪುಣ, ಜಲಜನಕವನ್ನೂ ಕಡಿಮೆ ಬಳಸುತ್ತದೆ; ಡೀಸೆಲ್ ಶುದ್ಧೀಕರಣಕ್ಕಾದರೆ ನಾನು ಅದನ್ನೇ ಕೊಳ್ಳುತ್ತೇನೆ. ಆದರೆ ಸಾರಜನಕವನ್ನು ತೆಗೆಯಬೇಕಾದರೆ ಮೊದಲು ಉಂಗುರ ರಚನೆಗಳಿಗೆ ಜಲಜನಕ ಸೇರಬೇಕು, ಆ ಕೆಲಸ ನಿಕ್ಕಲ್ಲಿನ ಜೊತೆಯಲ್ಲಿ ಚೆನ್ನಾಗಿ ಆಗುತ್ತದೆ. ನಿಕ್ಕಲ್–ಟಂಗ್‌ಸ್ಟನ್ ಲೋಹಗಳಿಲ್ಲದ ಶುದ್ಧ ತೈಲಕ್ಕೆ ಒಳ್ಳೆಯದು, ಇಲ್ಲಿ ಅದರ ಖರ್ಚಿಗೆ ಸಮರ್ಥನೆಯಿಲ್ಲ.

ನನ್ನನ್ನು ತುಂಬಾ ಕಾಡಿದ್ದು ರಂಧ್ರದ ಅಳತೆ. ಮೊದಲ ಎರಡು ವೇಗವರ್ಧಕಗಳ ಜೊತೆ ಮಾರಾಟಗಾರರು ಕೊಟ್ಟ ಪರೀಕ್ಷಾ ಫಲಿತಾಂಶಗಳು ಬಹಳ ಆಕರ್ಷಕವಾಗಿದ್ದವು. ವೇಗವರ್ಧಕದ ಸಣ್ಣ ಕಡ್ಡಿಗಳನ್ನು ಪುಡಿಮಾಡಿ ಜರಡಿಯಾಡಿದ ಕಣಗಳ ಮೇಲೆ ಆ ಪರೀಕ್ಷೆಗಳನ್ನು ನಡೆಸಲಾಗಿತ್ತು ಎಂಬುದು ವರದಿಯ ಅಡಿಯ ಸಣ್ಣಕ್ಷರಗಳಲ್ಲಿತ್ತು. ಹಗುರ ತೈಲದ ಅಣುಗಳು ಇಡೀ ಕಡ್ಡಿಯ ನಡುವಿನವರೆಗೂ ಸುಲಭವಾಗಿ ತಲುಪುವುದರಿಂದ, ಅಲ್ಲಿ ಪುಡಿಗೂ ಇಡೀ ಕಡ್ಡಿಗೂ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಭಾರೀ ಶೇಷದ ಸಂಗತಿಯೇ ಬೇರೆ. ವೆನೇಡಿಯಮ್ ಪಾರ್ಫಿರಿನ್‌ಗಳಂಥ ದೊಡ್ಡ ಅಣುಗಳಲ್ಲೂ ತೈಲದ ಅತಿ ಭಾರವಾದ, ಟಾರಿನಂಥ ಆಸ್ಫಾಲ್ಟೀನ್‌ಗಳ ಮುದ್ದೆಗಳಲ್ಲೂ ಅಡಗಿರುತ್ತದೆ. ಸುಮಾರು 10 ನ್ಯಾನೋಮೀಟರ್ ಅಗಲದ ರಂಧ್ರದಲ್ಲಿ ಅವು ಬಹಳ ನಿಧಾನವಾಗಿ ಸಾಗುತ್ತವೆ. ಒಂದೂವರೆ ಮಿಲಿಮೀಟರ್ ದಪ್ಪದ ಕಡ್ಡಿಯ ಒಳಭಾಗಕ್ಕೆ ಹೋಗುವ ಮೊದಲೇ ಹೊರ ಅಂಚಿನಲ್ಲಿ ಪ್ರತಿಕ್ರಿಯೆ ಮುಗಿದು, ವೆನೇಡಿಯಮ್ ಸಲ್ಫೈಡ್ ಅಲ್ಲಿಯೇ ಕೂರುತ್ತದೆ. ಕಾಲುವೆಯ ತೂಬಿನ ಬಾಯಲ್ಲೇ ಹೂಳು ತುಂಬಿದರೆ ಕೆಳಗಿನ ಗದ್ದೆ ಒಣಗುವಂತೆ, ಒಳಗಿನ ಸಕ್ರಿಯ ಮೇಲ್ಮೈಗೆ ತೈಲವೇ ತಲುಪುವುದಿಲ್ಲ.

ರಿಯಾಕ್ಟರಿನಲ್ಲಿ ಇದು ಕಾಣಿಸಿಕೊಂಡ ರೀತಿ ಮೋಸಗೊಳಿಸುವಂಥದ್ದು. ಆರಂಭದಲ್ಲಿ ಕಿರಿದಾದ ರಂಧ್ರದ ಎರಡೂ ವೇಗವರ್ಧಕಗಳು ಪದರಗಳ ಜೋಡಣೆಗಿಂತ ಮುಂದಿದ್ದವು. ಮೊದಲ ದಿನಗಳಲ್ಲಿ ಕೋಕ್, ಅಂದರೆ ಇಂಗಾಲದ ಕರಿ, ಕೂತು ಚಟುವಟಿಕೆ ತುಸು ಇಳಿಯುವುದು ಎಲ್ಲ ವೇಗವರ್ಧಕಗಳಿಗೂ ಸಾಮಾನ್ಯ. ಆಮೇಲೆ ಅದು ಸ್ಥಿರವಾಗುತ್ತದೆ. ಗಂಧಕದ ಮಟ್ಟ ಕಾಯ್ದುಕೊಳ್ಳಲು ಉಷ್ಣತೆಯನ್ನು ಸ್ವಲ್ಪಸ್ವಲ್ಪವೇ ಏರಿಸುತ್ತಾ ಹೋಗುತ್ತೇವೆ, ಎಲ್ಲವೂ ಸರಿಯಾಗಿದೆ ಅನ್ನಿಸುತ್ತದೆ. ನಂತರ ರಂಧ್ರಗಳ ಬಾಯಿ ಮುಚ್ಚತೊಡಗಿದಾಗ ಏರಿಕೆ ಒಮ್ಮೆಲೇ ಕಡಿದಾಗುತ್ತದೆ, ಉಷ್ಣತೆ 400 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಕೋಕ್ ಮತ್ತಷ್ಟು ಕೂರುತ್ತದೆ. ಕೋಕನ್ನು ನಿಯಂತ್ರಿತ ಗಾಳಿಯಲ್ಲಿ ಸುಟ್ಟು ತೆಗೆಯಬಹುದು. ವೆನೇಡಿಯಮ್ ಹಾಗೆ ಹೋಗುವುದಿಲ್ಲ, ಹೀಗಾಗಿ ಆ ಸರಕು ಪುನಶ್ಚೇತನಕ್ಕೂ ಒದಗುವುದಿಲ್ಲ.

ಬಳಸಿದ ಕಡ್ಡಿಯೊಂದನ್ನು ಅಡ್ಡಲಾಗಿ ಕತ್ತರಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಎಕ್ಸ್-ಕಿರಣ ವಿಶ್ಲೇಷಣೆ ಮಾಡಿಸಿದಾಗ ವಿಷಯ ನಿಚ್ಚಳವಾಯಿತು. ವೆನೇಡಿಯಮ್ ಹೊರಗಿನ ಅಂಚಿನಲ್ಲಿ ದಟ್ಟವಾದ ಉಂಗುರದಂತೆ ನಿಂತಿತ್ತು. ನಡುಭಾಗದಲ್ಲಿ ಅದು ಬಹುತೇಕ ಇರಲೇ ಇಲ್ಲ. ನಾವು ದುಡ್ಡು ಕೊಟ್ಟು ಕೊಂಡ ಮಾಲಿಬ್ಡಿನಮ್‌ನ ಬಹುಪಾಲು ಆ ನಡುಭಾಗದಲ್ಲಿ ಕೆಲಸಕ್ಕೆ ಬಾರದೆ ಉಳಿದಿತ್ತು. ಅಗಲ ರಂಧ್ರದ ಕಡ್ಡಿಯಲ್ಲಿ, ಅಂದರೆ ಸುಮಾರು 20 ನ್ಯಾನೋಮೀಟರ್ ರಂಧ್ರಗಳಿರುವಲ್ಲಿ, ವೆನೇಡಿಯಮ್ ಒಳಗಿನವರೆಗೂ ಹರಡಿತ್ತು, ಮತ್ತು ಅದು ಮೇಲಿನ ಪದರದಲ್ಲೇ ಸಿಕ್ಕಿಬಿದ್ದದ್ದರಿಂದ ಕೆಳಗಿನ ನಿಕ್ಕಲ್–ಮಾಲಿಬ್ಡಿನಮ್ ತನ್ನ ಕೆಲಸವನ್ನು ನೆಮ್ಮದಿಯಿಂದ ಮಾಡಿತು.

ಪದರಗಳ ಜೋಡಣೆಗೂ ಕೊರತೆಗಳಿವೆ. ಅಗಲ ರಂಧ್ರವೆಂದರೆ ಕಡಿಮೆ ಮೇಲ್ಮೈ ವಿಸ್ತೀರ್ಣ; ರಿಯಾಕ್ಟರಿನ ಒಂದು ಭಾಗವನ್ನು ಅದಕ್ಕೆ ಬಿಟ್ಟುಕೊಟ್ಟಾಗ ಗಂಧಕ ತೆಗೆಯುವ ಸಾಮರ್ಥ್ಯ ಆರಂಭದಲ್ಲಿ ಕುಗ್ಗುತ್ತದೆ, ಕೆಲವು ಡಿಗ್ರಿ ಹೆಚ್ಚು ಉಷ್ಣತೆಯಲ್ಲೇ ಶುರುಮಾಡಬೇಕು. ಕಡ್ಡಿಗಳು ತುಸು ಬಲಹೀನವಾಗಿರುವುದರಿಂದ ತುಂಬುವ ಮೊದಲು ಜರಡಿಯಾಡಿ ಪುಡಿ ತೆಗೆಯಬೇಕು. ಎರಡು ಸಣ್ಣ ಪ್ರಮಾಣದ ಖರೀದಿಗಳು ಒಂದು ಖರೀದಿಗಿಂತ ದುಬಾರಿಯಾದವು.



ಆದರೂ ನನ್ನ ಆಯ್ಕೆ ಬದಲಾಗದಿರಲು ನಾವು ಕೆಲಸ ಮಾಡುವ ರೀತಿಯೇ ಕಾರಣ. ನಮ್ಮದು ಚಿಕ್ಕ ತಂಡ. ಒಮ್ಮೆ ತುಂಬಿದ ರಿಯಾಕ್ಟರನ್ನು ಆದಷ್ಟು ಕಾಲ ತೆರೆಯದೆ ನಡೆಸುವುದು ನನ್ನ ಅಭ್ಯಾಸ. ಸಲ್ಫೈಡ್ ರೂಪದಲ್ಲಿರುವ ಬಳಸಿದ ವೇಗವರ್ಧಕ ಗಾಳಿಗೆ ಒಡ್ಡಿಕೊಂಡರೆ ತಾನೇ ಬಿಸಿಯೇರುತ್ತದೆ, ಅದನ್ನು ಸಾರಜನಕದ ರಕ್ಷಣೆಯಲ್ಲಿ ಹೊರತೆಗೆದು ಅಪಾಯಕಾರಿ ತ್ಯಾಜ್ಯವಾಗಿ ವಿಲೇವಾರಿ ಮಾಡಬೇಕು. ಈ ಖರ್ಚಿನ ಮುಂದೆ ಜಲಜನಕದ ಹೆಚ್ಚುವರಿ ಸಿಲಿಂಡರುಗಳ ಬೆಲೆ ನಮಗೆ ದೊಡ್ಡದಲ್ಲ. ಲೋಹ ಕಡಿಮೆಯಿರುವ ತೈಲವನ್ನು ಅಲ್ಪಾವಧಿಯ ಪ್ರಯೋಗಗಳಿಗೆ ಬಳಸುವವರು ನಿಕ್ಕಲ್–ಮಾಲಿಬ್ಡಿನಮ್ ಒಂದನ್ನೇ ತುಂಬಿದರೂ ಸಾಕಾದೀತು. ಅಂಥವರು ಕೂಡ ಹಣ ಕೊಡುವ ಮೊದಲು ಇಡೀ ಕಡ್ಡಿಗಳ ಮೇಲೆ, ತಮ್ಮದೇ ತೈಲದಿಂದ, ದೀರ್ಘಕಾಲ ನಡೆಸಿದ ಪರೀಕ್ಷೆಯ ಅಂಕಿಗಳನ್ನೂ ರಂಧ್ರಗಳ ಅಳತೆಯ ಹಂಚಿಕೆಯನ್ನೂ ಮಾರಾಟಗಾರರಿಂದ ಲಿಖಿತವಾಗಿ ಕೇಳಿ ಪಡೆಯಬೇಕು.