ಅಜ್ಜನ ಪೆಟ್ಟಿಗೆ, ನನ್ನ ಫೋನು, ಒಂದು ಸಿಲ್ವರ್ ಮರ

ವಿರಾಜಪೇಟೆ ಹತ್ತಿರದ ನಮ್ಮ ತೋಟದಲ್ಲಿ ಒಂದು ಸಿಲ್ವರ್ ಮರ ಒಣಗಿತ್ತು. ನೋಡಲು ಬಂದ ಮರದ ವ್ಯಾಪಾರಿ ಕತ್ತೆತ್ತಿ, ‘70 ಅಡಿ ಅಣ್ಣ, ಅದಕ್ಕಿಂತ ಜಾಸ್ತಿ ಇಲ್ಲ’ ಅಂದರು. ನನಗ್ಯಾಕೋ ನಂಬಿಕೆ ಬರಲಿಲ್ಲ. ಅಜ್ಜ ಅರಣ್ಯ ಇಲಾಖೆಯಲ್ಲಿ ರೇಂಜರ್ ಆಗಿದ್ದವರು, ಅವರ ಅಳತೆ ಸಾಮಾನಿನ ಪೆಟ್ಟಿಗೆ ಅಟ್ಟದಲ್ಲೇ ಇತ್ತು. ಇಳಿಸಿದೆ.

ಮೊದಲು ಕೈಗೆ ಬಂದದ್ದು ಗುಂಟರ್ ಸರಪಳಿ, ಜಮೀನು ಅಳೆಯುವ ಹಳೇ ಕಾಲದ ಚೈನ್. 1620ರ ಹೊತ್ತಿನ ಲೆಕ್ಕಾಚಾರ: ಉದ್ದ 66 ಅಡಿ, ಕೊಂಡಿಗಳು 100, ಹತ್ತು ಚದರ ಚೈನ್ ಅಂದರೆ ಸರಿಯಾಗಿ ಒಂದು ಎಕರೆ. ಲೆಕ್ಕ ಚಂದ, ಎಳೆಯುವುದು ಕಷ್ಟ. ಹತ್ತು ಹೆಜ್ಜೆಗೊಮ್ಮೆ ಲಂಟಾನಕ್ಕೆ ಸಿಕ್ಕಿಕೊಂಡಿತು. ಹತ್ತು ಕೊಂಡಿಗೊಂದು ಹಿತ್ತಾಳೆ ಬಿಲ್ಲೆ ಇರುತ್ತದೆ. ಒಂದು ಹಲ್ಲಿದ್ದರೆ 10, ನಾಲ್ಕಿದ್ದರೆ 40, ನಡುವಿನ ದುಂಡನೆಯದು 50. ಆದರೆ ಆ ಕಡೆಯಿಂದ ಎಣಿಸಿದರೂ ಅದೇ ಗುರುತು, ಹಾಗಾಗಿ 60ಕ್ಕೂ ನಾಲ್ಕೇ ಹಲ್ಲು. ನಾನು 60 ಅನ್ನು 40 ಅಂತ ಓದಿ, ಹದಿಮೂರು ಅಡಿ ಕಳೆದುಕೊಂಡೆ! ಸರಪಳಿ ವಾಪಸ್ ಪೆಟ್ಟಿಗೆಗೆ. ದೂರಕ್ಕೆ ಮಾಮೂಲಿ ಟೇಪೇ ಸಾಕು.

ಎತ್ತರಕ್ಕೆ ಮೂರು ದಾರಿ ನೋಡಿದೆ.

ಕೋಲು: ಕಣ್ಣಿನಿಂದ ಮುಷ್ಟಿಗೆ ಎಷ್ಟು ದೂರವೋ ಮುಷ್ಟಿಯ ಮೇಲೆ ಅಷ್ಟೇ ಉದ್ದದ ಕೋಲು. ಮರದ ಬುಡ ಮುಷ್ಟಿಗೂ ತುದಿ ಕೋಲಿನ ತುದಿಗೂ ಕೂಡುವವರೆಗೆ ಹಿಂದೆ ಸರಿಯಬೇಕು. ನಿಂತ ಜಾಗದಿಂದ ಬುಡಕ್ಕೆ ಎಷ್ಟೋ, ಮರ ಅಷ್ಟೇ ಎತ್ತರ. ನನಗೆ 29 ಮೀಟರ್ ಬಂತು. ನಮ್ಮದು ಇಳಿಜಾರು, ಲೆಕ್ಕ ಸ್ವಲ್ಪ ಜಾಸ್ತಿಯೇ ಬಂದಿತ್ತು.

ಫೋನ್ ಆ್ಯಪ್ 19 ಮೀಟರ್ ತೋರಿಸಿತು. ವ್ಯಾಪಾರಿಗಿಂತಲೂ ಕಂಜೂಸ್! ಅದು ದೂರ ಕೇಳಿತು, ಫೋನಿನ ಎತ್ತರ ಕೇಳಿತು. ನೆಲ ಮಟ್ಟವಾಗಿದೆ ಅಂತ ಅದೇ ಅಂದುಕೊಂಡಿತು. ಕೊಡಗಿನಲ್ಲಿ ಮಟ್ಟದ ನೆಲ ಅಂದರೆ ಗದ್ದೆ, ಅಲ್ವಾ?

ಕೊನೆಗೆ ಅಬ್ನಿ ಲೆವೆಲ್, ಏರು-ಇಳಿಜಾರಿನ ಕೋನ ಅಳೆಯುವ ಸಾಧನ. 1870ರ ದಶಕದ ಉಪಕರಣ, ಗೇಣುದ್ದವೂ ಇಲ್ಲದ ಹಿತ್ತಾಳೆ ಕೊಳವೆ. ಒಳಗೆ ಅರ್ಧಕ್ಕೆ ಓರೆಯಾಗಿ ಕನ್ನಡಿ. ಒಂದು ಕಣ್ಣಿಟ್ಟು ನೋಡಿದರೆ ಅರ್ಧದಲ್ಲಿ ಮರದ ತುದಿ, ಇನ್ನರ್ಧದಲ್ಲಿ ಮೇಸ್ತ್ರಿಯ ರಸಮಟ್ಟದಲ್ಲಿರುವಂಥ ಗುಳ್ಳೆ. ತುದಿ ಅಡ್ಡಗೆರೆಗೆ ತಾಗಿದಾಗ ತಿರುಪು ತಿರುಗಿಸಿ ಗುಳ್ಳೆಯನ್ನೂ ಅದೇ ಗೆರೆಗೆ ತರಬೇಕು. ಮೊದಲ ಹತ್ತು ನಿಮಿಷ ಗುಳ್ಳೆ ನನ್ನ ಮಾತೇ ಕೇಳಲಿಲ್ಲ. ಆಮೇಲೆ ಉಸಿರು ಬಿಗಿ ಹಿಡಿದು ಇನ್ನೊಂದು ಮರಕ್ಕೆ ಒರಗಿ ನಿಂತೆ, ಸಿಕ್ಕಿತು: ತುದಿಗೆ 38 ಡಿಗ್ರಿ, ಬುಡಕ್ಕೆ ಕೆಳಗಡೆ 24. ಟೇಪನ್ನು ಮೆಟ್ಟಿಲು ಮೆಟ್ಟಿಲಾಗಿ ಮಟ್ಟಕ್ಕೆ ಹಿಡಿದು ಅಳೆದ ದೂರ 22 ಮೀಟರ್. ಎರಡೂ ಕೋನದ ಟ್ಯಾನ್ (ಶಾಲೆಯ ತ್ರಿಕೋನಮಿತಿಯದ್ದೇ) ಕೂಡಿಸಿ ಆ ದೂರದಿಂದ ಗುಣಿಸಿದರೆ 27 ಮೀಟರ್‌ಗೆ ಒಂದು ಚೂರು ಕಡಿಮೆ.

ಮರ ಬಿದ್ದ ಮೇಲೆ ಟೇಪ್ ಹಿಡಿದೆ. ಕುತ್ತಿಯೂ ಸೇರಿ 26.9 ಮೀಟರ್, ಅಂದರೆ 88 ಅಡಿ. ವ್ಯಾಪಾರಿ ಆ ಕಡೆ ನೋಡಿದರು.

ಮಟ್ಟದ ಜಾಗದಲ್ಲಿ ನಾನು ಈಗಲೂ ಕೋಲೇ ಹಿಡಿಯುತ್ತೇನೆ, ಖರ್ಚಿಲ್ಲ. ಇಳಿಜಾರಿಗೆ ಮಾತ್ರ ಅಬ್ನಿ. ಅದರ ದೊಡ್ಡ ಶತ್ರು ನಮ್ಮ ಮಳೆಗಾಲ. ಜುಲೈನಲ್ಲಿ ಕನ್ನಡಿಗೆ ಬೂಷ್ಟು ಹಿಡಿಯುತ್ತದೆ. ಸದ್ಯ ಅದು ಅಕ್ಕಿ ತುಂಬಿದ ಡಬ್ಬಿಯೊಳಗಿದೆ.