ಲಸಿಕೆಯಿಂದ ತೊಂದರೆ: ಗ್ರಾಹಕ ಆಯೋಗವೋ, ಲೋಕ ಅದಾಲತ್ತೋ?

ಬೆಂಗಳೂರಿನ ಖಾಸಗಿ ಆಸ್ಪತ್ರೆಯಲ್ಲಿ ದುಡ್ಡು ಕೊಟ್ಟು ಮಗುವಿಗೆ ಲಸಿಕೆ ಹಾಕಿಸಿದಿರಿ. ಅದರಿಂದಲೇ ತೊಂದರೆಯಾಯಿತು ಅನ್ನೋ ಅನುಮಾನ. ಪರಿಹಾರ ಎಲ್ಲಿ ಕೇಳಬೇಕು?

ಜಿಲ್ಲಾ ಗ್ರಾಹಕ ಆಯೋಗದಲ್ಲಿ, ನೀವು ಆಸ್ಪತ್ರೆಗೆ ಕಟ್ಟಿದ ಹಣ 5 ಲಕ್ಷ ದಾಟದಿದ್ದರೆ ದೂರಿಗೆ ಶುಲ್ಕವಿಲ್ಲ. ದೂರು ಕೊಡಲು 2 ವರ್ಷದ ಗಡುವು. ಕಷ್ಟ ಇರುವುದು ಸಾಕ್ಷ್ಯದಲ್ಲಿ. ಲಸಿಕೆ ಆದ ಮೇಲೆ ಫಿಟ್ಸ್ ಬಂತು ಅಂದರೆ ಸಾಲದು, ಲಸಿಕೆಯಿಂದಲೇ ಬಂತು, ಯಾರದೋ ತಪ್ಪಿತ್ತು ಅಂತ ತೋರಿಸಬೇಕು. ಕಾರ್ಡಿನಲ್ಲಿರುವ ಬ್ಯಾಚ್ ನಂಬರ್, ಡಿಸ್ಚಾರ್ಜ್ ಸಮ್ಮರಿ, ತಜ್ಞರ ಅಭಿಪ್ರಾಯ ಜೋಪಾನ ಮಾಡಿಕೊಳ್ಳಿ. ಎಲ್ಲರಿಗೂ ಉಚಿತವಾಗಿ ಹಾಕುವ ಸರ್ಕಾರಿ ಕೇಂದ್ರದ ಲಸಿಕೆಯಾದರೆ ಈ ದಾರಿ ಸಾಮಾನ್ಯವಾಗಿ ಸಿಗುವುದಿಲ್ಲ.

ಖಾಯಂ ಲೋಕ ಅದಾಲತ್‌ನಲ್ಲಿ ಆಸ್ಪತ್ರೆ ಸೇವೆಯ ತಕರಾರಿಗೆ ಮೊದಲು ರಾಜಿ ಮಾಡಿಸುತ್ತಾರೆ. ಆಗದಿದ್ದರೆ ಅವರೇ ತೀರ್ಪು ಕೊಡಬಹುದು. ಬೇಗ ಮುಗಿಯುವ ಸಾಧ್ಯತೆ ಜಾಸ್ತಿ. ಆದರೆ ಒಮ್ಮೆ ಅರ್ಜಿ ಹಾಕಿದರೆ ಅದೇ ತಕರಾರಿಗೆ ಕೋರ್ಟಿಗೆ ಹೋಗುವಂತಿಲ್ಲ, ತೀರ್ಪಿಗೆ ಮೇಲ್ಮನವಿಯೂ ಇಲ್ಲ.

ಮಗು ಪೂರ್ತಿ ಚೇತರಿಸಿಕೊಂಡಿದ್ದರೆ ರಾಜಿಯೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ವರ್ಷಗಟ್ಟಲೆ ಥೆರಪಿ ಬೇಕಾಗುವಂತಿದ್ದರೆ ಅವಸರ ಬೇಡ. ‘ಮುಂದೆ ಯಾವ ಪರಿಹಾರವನ್ನೂ ಕೇಳುವುದಿಲ್ಲ’ ಅನ್ನೋ ಸಾಲು ರಾಜಿ ಪತ್ರದಲ್ಲಿದ್ದರೆ, ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ. ಮಕ್ಕಳ ಪ್ರಕರಣಕ್ಕೆ ಉಚಿತ ಕಾನೂನು ನೆರವು ಸಿಗುತ್ತದೆ. ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡದಲ್ಲಿರುವ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವಿಚಾರಿಸಿ.