ಟ್ರಂಪೆಟ್‌ಗೆ ಯಾವ ಮೈಕ್: ರಿಬ್ಬನ್, ಕಂಡೆನ್ಸರ್, ಡೈನಾಮಿಕ್

ಹಲವು ವರ್ಷ ಜಾಝ್ ತಂಡಗಳಲ್ಲಿ ಟ್ರಂಪೆಟ್ ಊದಿ, ಆಮೇಲೆ ರೆಕಾರ್ಡಿಂಗ್ ಎಂಜಿನಿಯರ್ ಆದ ಮೇಲೆಯೇ ನನಗೆ ಅರಿವಾದದ್ದು, ನನ್ನ ವಾದ್ಯ ಎದುರಿಗಿರುವವರಿಗೆ ಹೇಗೆ ಕೇಳಿಸುತ್ತದೆಂಬುದನ್ನು ನಾನು ಅದುವರೆಗೆ ಕೇಳಿಯೇ ಇರಲಿಲ್ಲ ಎಂಬುದು. ಟ್ರಂಪೆಟ್ಟಿನ ಹೆಚ್ಚಿನ ಆವರ್ತನಗಳು ಬೆಲ್ಲಿನ, ಅಂದರೆ ವಾದ್ಯದ ಅಗಲವಾದ ಬಾಯಿಯ, ನೇರಕ್ಕೆ, ಟಾರ್ಚಿನ ಬೆಳಕಿನಂತೆ ಮುಂದಕ್ಕೆ ಚಿಮ್ಮುತ್ತವೆ. ಹಿಂದೆ ನಿಂತು ಊದುವವನ ಕಿವಿಗೆ ಬೀಳುವುದು ಅಂಚು ಸವೆದ, ದುಂಡನೆಯ ನಾದ. ಒಂದೇ ಕೋಣೆಯಲ್ಲಿ, ಒಂದೇ ವಾದ್ಯದೆದುರು ಮೂರು ಬಗೆಯ ಮೈಕುಗಳನ್ನಿಟ್ಟು ನಾನು ಮಾಡಿದ ಹೋಲಿಕೆಯನ್ನು ಈ ಹಿನ್ನೆಲೆಯಲ್ಲಿಯೇ ಓದಬೇಕು.

ಸೆನ್‌ಹೈಸರ್ ಎಂಡಿ 421 ಡೈನಾಮಿಕ್ ಮೈಕು, ಅಂದರೆ ಅಯಸ್ಕಾಂತದ ನಡುವೆ ತಂತಿಸುರುಳಿ ಅಲುಗಿ ಸದ್ದು ಹಿಡಿಯುವ ಬಗೆಯದು; ಎಷ್ಟು ಜೋರಾಗಿ ಊದಿದರೂ ಅದರಲ್ಲಿ ದನಿ ಒಡೆಯುವುದಿಲ್ಲ. ವೇದಿಕೆಗೆ ಅದು ಸಾಕು. ಆದರೆ ಸ್ವರ ಕ್ಷೀಣಿಸುತ್ತ ಹೋಗುವಾಗ ಉಳಿಯುವ ಉಸಿರಿನ ನವಿರು ಅದರಲ್ಲಿ ಸಿಗಲಿಲ್ಲ.

ವಿದ್ಯುತ್ ಆವೇಶದ ತೆಳು ಪೊರೆಯ ಕಂಪನದಿಂದ ಸದ್ದು ಹಿಡಿಯುವ ನಾಯ್ಮನ್ ಯು 87 ಕಂಡೆನ್ಸರ್ ಅದಕ್ಕೆ ತದ್ವಿರುದ್ಧ. ಬೆಲ್ಲಿಗೆ ಒಂದಡಿ ದೂರದಲ್ಲಿಟ್ಟಾಗ ನಾಲಿಗೆಯ ಪ್ರತಿ ಹೊಡೆತವೂ, ವಾಲ್ವ್ ಮೇಲೇಳುವ ಟಿಕ್ ಎಂಬ ಸದ್ದೂ ಕೇಳಿಸಿತು, ಆದರೆ ಮೇಲಿನ ಸ್ವರಗಳು ಕಿವಿಗೆ ಚುಚ್ಚಿದವು. ಆರಡಿ ಹಿಂದಕ್ಕೆ ಸರಿಸಿದೆ. ಚುಚ್ಚು ತಗ್ಗಿ, ಕೋಣೆಯ ಗಾಳಿಯೂ ಸ್ವರದೊಳಗೆ ಸೇರಿಕೊಂಡಿತು. ಎಳೆಯ ವಯಸ್ಸಿನಲ್ಲಿ ತಾವೂ ಟ್ರಂಪೆಟ್ ಊದಿದ್ದ ರೆಕಾರ್ಡಿಂಗ್ ಎಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್, ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲಿ ತಂದೆತಾಯಿಯ ಮನೆಯ ಹಜಾರವನ್ನೇ ಸ್ಟುಡಿಯೋ ಮಾಡಿಕೊಂಡು, ನಾಯ್ಮನ್ ಕಂಡೆನ್ಸರುಗಳಿಂದಲೇ ಬ್ಲೂ ನೋಟ್ ಎಂಬ ಜಾಝ್ ಕಂಪನಿಯ ಧ್ವನಿಮುದ್ರಿಕೆಗಳಿಗೆ ಅಷ್ಟು ನಿಕಟವಾದ ದನಿ ತಂದುಕೊಟ್ಟರೆಂಬುದನ್ನು ನೆನೆದಾಗೆಲ್ಲ ನನಗೆ ಗೌರವ ಹೆಚ್ಚುತ್ತದೆ.

ರಾಯರ್ ಆರ್-121 ರಿಬ್ಬನ್ ಮೈಕಿನಲ್ಲಿ ಅಯಸ್ಕಾಂತದ ಧ್ರುವಗಳ ನಡುವೆ ಕೇವಲ 2.5 ಮೈಕ್ರಾನ್ ದಪ್ಪದ ಅಲ್ಯುಮಿನಿಯಂ ಪಟ್ಟಿ ತೂಗುತ್ತದೆ. ಅದರಿಂದ ಬಂದ ದನಿ ಕೇಳಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ, ಏಕೆಂದರೆ ವಾದ್ಯದ ಹಿಂದೆ ನಿಂತು ವರ್ಷಗಟ್ಟಲೆ ಕೇಳಿದ್ದ ನಾದ ಅದೇ ಆಗಿತ್ತು. ಊದುವವರಿಗೆ ಈ ಮೈಕು ಇಷ್ಟವಾಗುವುದು ಈ ಕಾರಣಕ್ಕೇ ಎಂದು ನನ್ನ ನಂಬಿಕೆ. ಇದು ಹಿಂಬದಿಯಿಂದಲೂ ಅಷ್ಟೇ ಸದ್ದು ಹಿಡಿಯುವುದರಿಂದ ಹತ್ತಿರ ಡ್ರಮ್ ಇದ್ದರೆ ಸದ್ದು ಹಿಡಿಯದ ಮೈಕಿನ ಪಕ್ಕವನ್ನು ಅದರತ್ತ ತಿರುಗಿಸಿಡಬೇಕು; ಪಟ್ಟಿಗೆ ನೇರ ಗಾಳಿ ತಗಲದಂತೆ ತುಸು ಓರೆಯಾಗಿಯೂ ನಿಲ್ಲಿಸಬೇಕು.

ಬೆಲ್ಲಿಗೆ ಏನೂ ತೊಡಿಸದ, ತೆರೆದ ಟ್ರಂಪೆಟ್ಟಿಗೆ ಈಗ ನನ್ನ ಮೊದಲ ಆಯ್ಕೆ ರಿಬ್ಬನ್. ಹಾರ್ಮನ್ ಮ್ಯೂಟ್ ಎಂಬ, ದನಿ ತಗ್ಗಿಸುವ ಲೋಹದ ಮುಚ್ಚಳವನ್ನು ಬೆಲ್ಲಿಗೆ ತೊಡಿಸಿ ಗೇಣುದ್ದ ದೂರದಲ್ಲಿ ಮೆಲ್ಲನೆ ಊದುವಾಗ ಮಾತ್ರ ಕಂಡೆನ್ಸರನ್ನೇ ಇಡುತ್ತೇನೆ, ಏಕೆಂದರೆ ಆ ತಗಡಿನ ಝೇಂಕಾರವನ್ನು ರಿಬ್ಬನ್ ಮಸುಕಾಗಿಸುತ್ತದೆ.